ಹಗ್ಗಕ್ಕೆ ತಾಗಿದ್ದು

ಬೀದಿ ಸುರಕ್ಷತಾ ಸಮಿತಿಯ ಸಭೆ ನಡೆಯುತ್ತಿದ್ದುದು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ. ಅಂಗಡಿಯ ದಪ್ಪಣ್ಣನೇ ಅಧ್ಯಕ್ಷ. ಅವನನ್ನು ಯಾರೂ ಆರಿಸಿರಲಿಲ್ಲ. ಮೆಟ್ಟಿಲು ಅವನದು, ಹಾಗಾಗಿ ಅಧ್ಯಕ್ಷಗಿರಿಯೂ ಅವನದು. ಸಣ್ಣಿ ಪ್ರತಿ ಸಭೆಯಲ್ಲೂ ಕೆಳಗಿನ ಮೆಟ್ಟಿಲ ಮೂಲೆಯಲ್ಲಿ ಮೊಣಕಾಲು ಕೂಡಿಸಿಕೊಂಡು ಕೂತಿರುತ್ತಿದ್ದಳು. ಠಾಣೆಗೆ ಕೊಡುವ ಮನವಿಗಳನ್ನು ಬರೆಯುವುದು ಅವಳ ಕೆಲಸ. ಡಿಗ್ರಿ ಮುಗಿಸಿದ ಹುಡುಗಿ, ಅಕ್ಷರ ದುಂಡಗಿದೆ ಎಂದು ಅದನ್ನು ಅವಳ ತಲೆಗೆ ಕಟ್ಟಿದ್ದರು. ಅವಳಿಗೂ ಅದು ಒಗ್ಗಿತ್ತು, ಬರೆಯುವವಳು ಮಾತಾಡಬೇಕಾಗಿಲ್ಲವಲ್ಲ. “ನಮ್ಮ ಸಣ್ಣಿ ಮಾತಾಡಿದ್ದು ಅವಳ ತುಟಿಗೇ ಗೊತ್ತಾಗಲ್ಲ” ಎಂದು ಅಕ್ಕ ರೇಗಿಸುತ್ತಿದ್ದಳು.

ಅಕ್ಕ ಹೋಗಿ ವರ್ಷವಾಗುತ್ತ ಬಂದಿತ್ತು. ಈ ಸಮಿತಿ ಹುಟ್ಟಿದ್ದೇ ಅವಳು ಹೋದ ಮೇಲೆ.

ಬೀದಿ ದೊಡ್ಡ ರಸ್ತೆಗೆ ಸೇರುವ ಮೂಲೆಯಲ್ಲಿ ಅಪ್ಪನ ತಗಡಿನ ಗೂಡಂಗಡಿ. ಹರಿದ ಬ್ಯಾಗು, ಕಚ್ಚಿಕೊಂಡ ಜಿಪ್ಪು, ಚಕ್ರ ಮುರಿದ ಸೂಟ್‌ಕೇಸು, ಎಲ್ಲಕ್ಕೂ ಅಲ್ಲಿ ಮದ್ದಿತ್ತು. ಜನ ಅವನನ್ನು ಪೆಟ್ಟಿಗೆ ಮಾಮ ಎನ್ನುತ್ತಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಅಕ್ಕ ಅವನಿಗೆ ಊಟದ ಡಬ್ಬಿ ಕೊಟ್ಟು, ದೊಡ್ಡ ರಸ್ತೆ ದಾಟಿ ಎದುರಿನ ಹೊಲಿಗೆ ಅಂಗಡಿಗೆ ಹೋಗುವಳು. ಅಲ್ಲಿ ಬಟ್ಟೆ ಕತ್ತರಿಸುವ ಕೆಲಸ ಅವಳದು. ಒಂದು ದಿನ ದಾಟಲಿಲ್ಲ. ಸೇತುವೆಯ ಕಡೆಯಿಂದ ಬಂದ ಬ್ರೆಡ್ ವ್ಯಾನು ಅವಳನ್ನು ಅಂಚಿನಿಂದ ಕೆಲವು ಹೆಜ್ಜೆ ಒಳಗೆ, ರಸ್ತೆಯಲ್ಲಿರುವ ಚರಂಡಿಯ ಕಬ್ಬಿಣದ ಮುಚ್ಚಳದ ಹತ್ತಿರ ಕೆಡವಿತು. ಕೊರಳಲ್ಲಿದ್ದ ಅಳತೆ ಟೇಪು ಕೊರಳಲ್ಲೇ ಇತ್ತು.

“ಕಾಣಿಸಲೇ ಇಲ್ಲ ಸಾರ್, ನನ್ನ ಮಕ್ಕಳಾಣೆ ಕಾಣಿಸಲಿಲ್ಲ” ಎಂದು ವ್ಯಾನಿನವನು ಅವತ್ತು ರಸ್ತೆಯಲ್ಲಿ ಕೂತು ಅತ್ತಿದ್ದ. ಆ ಮಾತನ್ನು ಅಪ್ಪ ಮರೆಯಲಿಲ್ಲ. ಬೆಳಗ್ಗೆ ಮುಖ ತೊಳೆಯುವಾಗ, ಸೂಜಿಗೆ ದಾರ ಪೋಣಿಸುವಾಗ, ಯಾರೂ ಕೇಳದಿದ್ದರೂ ಹೇಳುವನು: “ಕಾಣಿಸಲಿಲ್ವಂತೆ! ಹಾಡುಹಗಲು, ಆಳೆತ್ತರದ ಹುಡುಗಿ, ಕಾಣಿಸಲಿಲ್ವಂತೆ. ಕಣ್ಣನ್ನ ಜೇಬಲ್ಲಿಟ್ಟುಕೊಂಡು ಬಂದಿದ್ನಾ?” ಆಮೇಲೆ ದನಿ ಇಳಿಸಿ, “ಅವಳು ನೋಡದೆ ದಾಟೋಳಲ್ಲ. ರಸ್ತೆಯೊಳಕ್ಕೆ ಅಷ್ಟು ದೂರ ಅದ್ಯಾಕೆ ಹೋದಳೋ” ಎನ್ನುವನು. ಮೊದಲ ಮಾತು ಅವನನ್ನು ಎಬ್ಬಿಸಿ ನಿಲ್ಲಿಸುತ್ತಿತ್ತು. ಎರಡನೆಯದು ಕೂರಿಸುತ್ತಿತ್ತು.

ಇದೆಲ್ಲ ಕಂಡೇ ಪೊಲೀಸಮ್ಮ ಅವನಿಗೊಂದು ಸೀಟಿ ಕೊಟ್ಟಿದ್ದಳು. ಪೊಲೀಸಮ್ಮ ಎಂದರೆ ಆ ಬೀದಿಗೆಂದು ಠಾಣೆಯವರು ಗೊತ್ತು ಮಾಡಿದ್ದ ಅಧಿಕಾರಿ. ಎತ್ತರದ ಹೆಂಗಸು, ನಕ್ಕರೆ ಒಂದೇ ಕೆನ್ನೆ ಗುಳಿ ಬೀಳುತ್ತಿತ್ತು. “ಮಾಮ, ನೀವು ಹೇಗೂ ಮೂಲೇಲಿ ಇರ್ತೀರಲ್ಲ, ಗಾಡಿ ಬರೋವಾಗ ಒಂದು ಸೀಟಿ ಹೊಡೀರಿ” ಎಂದಿದ್ದಳು. ಅಂದಿನಿಂದ ಅಪ್ಪನ ಕೊರಳಲ್ಲಿ ಸೀಟಿ. ಎಂಜಿನ್ನಿನ ಸದ್ದು ಕೇಳಿದೊಡನೆ ಕೈಯಲ್ಲಿದ್ದ ಬ್ಯಾಗನ್ನು ಬದಿಗಿಟ್ಟು ಎದ್ದು, ಅಂಚಿಗೆ ಬಂದು ಊದುವನು. ದಾಟಲು ನಿಂತವರ ಮುಂದೆ ಕೈ ಅಡ್ಡ ಹಿಡಿಯುವನು. ರಿಪೇರಿ ಕೆಲಸ ಅರ್ಧಕ್ಕರ್ಧ ಹಿಂದೆ ಬಿತ್ತು. ಅಮ್ಮ ಏನೂ ಅನ್ನಲಿಲ್ಲ. ಗಂಡ ರಾತ್ರಿ ನಿದ್ದೆ ಮಾಡತೊಡಗಿದ್ದ, ಅವಳಿಗೆ ಅಷ್ಟು ಸಾಕಾಗಿತ್ತು.

ಆ ದಿನದ ಸಭೆಯಲ್ಲಿ ರಸ್ತೆ ಉಬ್ಬಿನ ಮಾತು ಬಂದಿತ್ತು.

“ಉಬ್ಬು ಹಾಕಿಸಿ, ಬೇಡ ಅನ್ನಲ್ಲ” ಎಂದ ದಪ್ಪಣ್ಣ. “ನನ್ನ ಅಂಗಡಿ ಮುಂದೆ ಮಾತ್ರ ಬೇಡ. ಲಾರಿ ಹಾರಿ ಬಿದ್ದಾಗಲೆಲ್ಲ ಬಾಟ್ಲಿಗಳು ಅಲ್ಲಾಡ್ತವೆ.”

“ಅಲ್ಲಾಡಲಿ ಬಿಡೋ. ಆ ಅಂಗಡೀಲಿ ಅಲ್ಲಾಡದೇ ಇರೋ ವಸ್ತು ನೀನೊಬ್ಬನೇ” ಎಂದಳು ಮಹಡಿ ಮನೆ ಅಜ್ಜಿ. ಅವಳಿಗೆ ಕಾಲುನೋವು, ಮೆಟ್ಟಿಲ ಮೇಲೆ ಕೂರಲಾರಳು. ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು.

ಎಲ್ಲರೂ ನಕ್ಕರು. ಪೊಲೀಸಮ್ಮನ ಕೆನ್ನೆಯೂ ಗುಳಿಬಿತ್ತು. ಆಮೇಲೆ ಅವಳು ಚೀಲದಿಂದ ಒಂದು ಸುರುಳಿ ಹಗ್ಗ ತೆಗೆದು ಮೆಟ್ಟಿಲ ಮೇಲಿಟ್ಟಳು. ನೀಲಿ ನೈಲಾನ್ ಹಗ್ಗ, ಬಟ್ಟೆ ಒಣಹಾಕುವಂಥದ್ದು.

“ಉಬ್ಬು ಆಮೇಲೆ. ಮೊದಲು ಯಾರಿಗೆ ಏನು ಕಾಣುತ್ತೆ, ಏನು ಕಾಣಲ್ಲ ಅಂತ ನೋಡೋಣ. ಬ್ರೇಕ್ ಒತ್ತಿದರೆ ಗಾಡಿ ನಿಲ್ಲೋಕೆ ಎಷ್ಟು ದೂರ ಬೇಕೋ ಅಷ್ಟು ದೂರದಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕ್ತೀವಿ. ಅಲ್ಲಿ ನಾನು ಸ್ಟೂಲ್ ಮೇಲೆ ಕೂತ್ಕೋತೀನಿ, ಡ್ರೈವರ್ ಥರ. ದಾಟೋ ಜಾಗದಲ್ಲಿ ನಿಮ್ಮಲ್ಲೊಬ್ಬರು ನಿಲ್ಲಿ. ನನ್ನ ಕಣ್ಣಿಂದ ನಿಮ್ಮ ಕಣ್ಣಿಗೆ ಹಗ್ಗ. ಹಗ್ಗಕ್ಕೆ ಏನು ತಾಗುತ್ತೋ ಅದು ಹೋಗಬೇಕು. ಮರದ ಕೊಂಬೆ ಆಗಲಿ, ಅಂಗಡಿ ಬೋರ್ಡು ಆಗಲಿ.”

“ಯಾರದೇ ಆಗಲಿ” ಎಂದು ಹಿಂದಿನಿಂದ ಅಪ್ಪ ಜೋರಾಗಿ ಹೇಳಿದ. ಅವನು ಸೀಟಿ ಹಿಡಿದುಕೊಂಡೇ ಬಂದಿದ್ದ. “ಅದರಲ್ಲಿ ದಾಕ್ಷಿಣ್ಯ ಬೇಡ ತಾಯಿ.”

ಆ ಭಾನುವಾರ ಬೆಳಗ್ಗೆ ಹಗ್ಗ ಹಿಡಿದು ಹೊರಟರು. ಶಾಲೆಯ ಗೇಟಿನ ಹತ್ತಿರ ಒಂದು ಕೊಂಬೆ ತಾಗಿತು. ಔಷಧಿ ಅಂಗಡಿಯ ಹತ್ತಿರ ತಾಗಿದ್ದು ದಪ್ಪಣ್ಣನ ಹೊಸ ಬೋರ್ಡು. “ಹಗ್ಗ ಸ್ವಲ್ಪ ಎಡಕ್ಕೆ ಹಿಡಿದಿದ್ದೀರ” ಎಂದು ಅವನು ವಾದಿಸಿದ. “ನೀನೇ ಹಿಡಿ” ಎಂದು ಅಜ್ಜಿ ಹಗ್ಗದ ತುದಿ ಕೊಟ್ಟಳು. ಅವನು ಹಿಡಿದ. ಆಗಲೂ ತಾಗಿತು. “ಹೊಟ್ಟೆ ಅಡ್ಡ ಬಂತೇನೋ ನೋಡು” ಎಂದಳು. ಸಣ್ಣಿಗೆ ಬಹಳ ದಿನಗಳ ಮೇಲೆ ನಗು ಬಂತು. ಅಕ್ಕನಿಗೆ ಹೇಳಬೇಕು ಎಂದುಕೊಂಡಳು, ಅದು ಅಭ್ಯಾಸ. ನೆನಪಾದಾಗ ನಗು ಬಾಯಲ್ಲೇ ಉಳಿದುಹೋಯಿತು.

ಕೊನೆಗೆ ದೊಡ್ಡ ರಸ್ತೆಯ ಮೂಲೆ. ಹಗ್ಗದ ಕೆಲಸ ಮುಗಿಯುವವರೆಗೆ ಗಾಡಿಗಳನ್ನು ತಡೆಯಲೆಂದು ಅಪ್ಪನನ್ನು ಸೇತುವೆಯ ಬುಡಕ್ಕೆ ಕಳಿಸಿದ್ದರು. ಅವನು ಎದೆಯುಬ್ಬಿಸಿ ನಿಂತು ಸೀಟಿ ಊದುತ್ತಿದ್ದ. ದಪ್ಪಣ್ಣ ಅಂಗಡಿ ತೆರೆಯಲು ಹೋಗಿದ್ದ, ಅಜ್ಜಿ ಬಿಸಿಲು ಎಂದು ಒಳಗೆ ಹೋಗಿದ್ದಳು. ಪೊಲೀಸಮ್ಮ ಸುಣ್ಣದ ಗುರುತಿನ ಮೇಲೆ ಸ್ಟೂಲು ಹಾಕಿಕೊಂಡು ಕೂತಳು. ಸಣ್ಣಿ ಹಗ್ಗದ ತುದಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಅಕ್ಕ ದಿನವೂ ನಿಲ್ಲುತ್ತಿದ್ದ ಅಂಚಿನ ಕಲ್ಲಿನ ಮೇಲೆ ನಿಂತಳು. ಅಕ್ಕನೂ ಅವಳೂ ಒಂದೇ ಎತ್ತರ. ಬಟ್ಟೆ ಅದಲು ಬದಲು ಮಾಡಿಕೊಳ್ಳುತ್ತಿದ್ದರು.

ಹಗ್ಗ ಬಿಗಿಯಾಯಿತು. ಬಿಗಿಯಾಗಿ, ನೇರ ಬರುವ ಬದಲು ನಡುವೆ ಬಾಗಿತು.

ಅದು ಬಾಗಿದ್ದು ಅಪ್ಪನ ಗೂಡಂಗಡಿಯ ಸೂಟ್‌ಕೇಸುಗಳ ಮೇಲೆ.

ಆ ಸೂಟ್‌ಕೇಸುಗಳ ಕತೆ ಹೇಳಬೇಕು. ರಿಪೇರಿಗೆ ಕೊಟ್ಟು ಮರಳಿ ಬಾರದವರ ಪೆಟ್ಟಿಗೆಗಳನ್ನು ಅಪ್ಪ ಎಸೆಯುತ್ತಿರಲಿಲ್ಲ. “ಅವರ ವಸ್ತು. ಯಾವತ್ತಾದರೂ ಬರ್ತಾರೆ” ಎನ್ನುವನು. ಬರುತ್ತಿರಲಿಲ್ಲ. ಸೇತುವೆಯ ಕಡೆಯಿಂದ ಧೂಳು, ಮಧ್ಯಾಹ್ನದ ಬಿಸಿಲು ಎರಡೂ ನುಗ್ಗುತ್ತಿದ್ದವು. ಪೆಟ್ಟಿಗೆಗಳನ್ನು ಆ ಕಡೆಗೇ ಒಂದರ ಮೇಲೊಂದು ಜೋಡಿಸತೊಡಗಿದ. ಅದು ಬೆಳೆದು ಬೆಳೆದು ಗೋಡೆಯಾಯಿತು. ಹೋದ ಬೇಸಿಗೆಯಲ್ಲಿ ಅಕ್ಕ ಬಿಳಿ ಬಣ್ಣದ ಡಬ್ಬಿ ತಂದಳು. “ಸುಮ್ನೆ ಕೂತಿರೋ ಪೆಟ್ಟಿಗೆಗಳು ಸ್ವಲ್ಪ ದುಡೀಲಿ” ಎಂದು, ಸೇತುವೆಯ ಕಡೆಗೆ ಮುಖ ಮಾಡಿದ ಒಂದೊಂದು ಪೆಟ್ಟಿಗೆಯ ಮೇಲೆ ಒಂದೊಂದು ಅಕ್ಷರ ಬರೆದಳು. ಬ್ಯಾಗು ರಿಪೇರಿ. ಅಕ್ಷರಗಳು ಕಣ್ಣಿಗೆ ಬೀಳಲಿ ಎಂದು ಮೇಲೆ ಇನ್ನೊಂದು ಸಾಲು ಏರಿಸಿದರು. ಏರಿಸುವಾಗ ಸಣ್ಣಿ ಕೆಳಗಿನಿಂದ ಎತ್ತಿ ಕೊಟ್ಟಿದ್ದಳು, ಅಕ್ಕ ಸ್ಟೂಲಿನ ಮೇಲೆ ನಿಂತು ಇಟ್ಟಿದ್ದಳು, ಅಪ್ಪ ದೂರ ನಿಂತು “ಇನ್ನೂ ಸ್ವಲ್ಪ ಮುಂದಕ್ಕೆ, ಹಾಂ, ಹಾಗೆ” ಎಂದಿದ್ದ. ಅವಳು ಹೋದ ಮೇಲೆ ಅಪ್ಪ ಒಂದು ಪೆಟ್ಟಿಗೆಯನ್ನೂ ಅಲುಗಿಸಿರಲಿಲ್ಲ. ಬೆಳಗ್ಗೆ ಬಂದವನು ಮೊದಲು ಒದ್ದೆ ಬಟ್ಟೆಯಲ್ಲಿ ಆ ಅಕ್ಷರಗಳ ಧೂಳು ಒರೆಸುವನು.

ನೀಲಿ ಹಗ್ಗ ‘ರಿ’ ಬರೆದ ಪೆಟ್ಟಿಗೆಯ ಮೂಲೆಯನ್ನು ಒತ್ತಿಕೊಂಡು ನಿಂತಿತ್ತು. ಹಗ್ಗದ ಆಚೆ ತುದಿಯಲ್ಲಿದ್ದ ಪೊಲೀಸಮ್ಮ ಸಣ್ಣಿಗೆ ಕಾಣುತ್ತಿರಲಿಲ್ಲ.

ಪೊಲೀಸಮ್ಮ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ಹತ್ತಿರ ಬಂದಳು. ಪೆಟ್ಟಿಗೆಗಳನ್ನು ನೋಡಿದಳು. ಸಣ್ಣಿಯ ಮುಖ ನೋಡಿದಳು.

ಸೇತುವೆಯ ಕಡೆಯಿಂದ ಅಪ್ಪ ಕೂಗಿದ: “ಏನು ತಾಗ್ತು?”

ತುಟಿಗೂ ಗೊತ್ತಾಗದಂತೆ ಮಾತಾಡುವ ಸಣ್ಣಿ, ಅವಳಿಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ ಕೂಗಿದಳು: “ಕಂಬ, ಅಪ್ಪ! ಲೈಟ್ ಕಂಬ!”

“ಅದೇ ಅಂದ್ಕೊಂಡೆ! ಕಿತ್ತು ಹಾಕಿಸಿ ಅದನ್ನ!”

ಮಾರನೆಯ ದಿನ ಸಣ್ಣಿ ಒಬ್ಬಳೇ ಠಾಣೆಗೆ ಹೋದಳು. ಪೊಲೀಸಮ್ಮನ ಮೇಜಿನ ಮುಂದೆ ಕೂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಪಕ್ಕದ ಮೇಜಿನಲ್ಲಿ ಒಬ್ಬ ಪೇದೆ ಕಳೆದುಹೋದ ಸೈಕಲ್ಲಿನ ಬಣ್ಣ ಕೇಳುತ್ತಿದ್ದ.

“ಅಪ್ಪನಿಗೆ ಹೇಳಬೇಡಿ ಮೇಡಂ” ಎಂದಳು ಕೊನೆಗೆ. “ನನ್ನ ಪೆಟ್ಟಿಗೆ ನನ್ನ ಮಗಳನ್ನ ಮರೆ ಮಾಡ್ತು ಅಂತ ಗೊತ್ತಾದ್ರೆ ಅಪ್ಪ ಉಳಿಯಲ್ಲ.”

“ಆದರೆ ಅಂಗಡಿ ಅಲ್ಲಿಂದ ಏಳಬೇಕಲ್ಲಮ್ಮ. ನಾನು ನೋಡಿಯೂ ಬಿಟ್ಟರೆ, ನಾಳೆ ಇನ್ಯಾರೋ.”

“ಏಳಿಸಿ. ಬೇರೆ ಏನಾದ್ರೂ ಕಾರಣ ಹೇಳಿ.”

ಪೊಲೀಸಮ್ಮ ಬಹಳ ಹೊತ್ತು ಪೆನ್ನಿನ ಕ್ಯಾಪು ಹಾಕಿ ತೆಗೆದು ಮಾಡಿದಳು. “ಸುಳ್ಳು ಹೇಳೋಕೆ ಸಂಬಳ ಕೊಡಲ್ಲ ನಮಗೆ” ಎಂದಳು. ನಗಲು ನೋಡಿದಳು, ಗುಳಿ ಬೀಳಲಿಲ್ಲ. “ಚರಂಡಿ ಕೆಲಸ ಅಂತ ಹೇಳ್ತೀನಿ. ಒಳಗಡೆ, ಬೀದಿಯಲ್ಲಿ ಜಾಗ ಕೊಡಿಸ್ತೀನಿ. ಅವರು ಒಪ್ಪದೇ ಹೋದರೆ, ಸುಳ್ಳು ಕಾರಣಕ್ಕೆ ಬಲವಂತವಾಗಿ ಎಬ್ಬಿಸೋಕೆ ಮಾತ್ರ ನನ್ನ ಕೈಲಿ ಆಗಲ್ಲ. ಇದೆಲ್ಲ ಆವತ್ತೇ ಅಳೀಬೇಕಿತ್ತು. ಕಣ್ಣೆದುರಿಗಿದ್ದದ್ದನ್ನ ನಮ್ಮವರೂ ನೋಡಲಿಲ್ಲ. ಮಗಳನ್ನ ಕಳಕೊಂಡೋನ ಅಂಗಡಿ, ಅದರ ಮುಂದೆ ಟೇಪು ಹಿಡಿಯೋಕೆ ಯಾರಿಗೂ ಮನಸ್ಸು ಬರಲಿಲ್ಲ.”

ಅವನು ಒಪ್ಪಲಿಲ್ಲ.

“ಚರಂಡಿಯೂ ಬೇಡ ಗಿರಂಡಿಯೂ ಬೇಡ” ಎಂದ ಅಪ್ಪ, ಊಟಕ್ಕೆ ಕೂತಲ್ಲಿ. “ಆ ಮೂಲೆ ಬಿಟ್ಟು ನಾನೆಲ್ಲಿಗೂ ಬರಲ್ಲ. ನಾನು ಎದ್ದರೆ ಅಲ್ಲಿ ಸೀಟಿ ಊದೋರು ಯಾರು? ಇನ್ನೊಂದು ಮಗು ಸಾಯಲಿ ಅಂತಲಾ?”

“ಸೀಟಿ ಊದೋಕೆ ಅಂಗಡಿ ಬೇಕಾ ಅಪ್ಪ? ನೀನು ಸುಮ್ನೆ ನಿಂತ್ಕೋಬಹುದಲ್ಲ.”

“ಅವಳು ಬರೆದ ಅಕ್ಷರ ಇದೆ ಅಲ್ಲಿ.” ಅವನು ತಟ್ಟೆ ಪಕ್ಕಕ್ಕೆ ತಳ್ಳಿದ. “ನಿನಗೇನು ಗೊತ್ತು ಸಣ್ಣಿ. ನಾನು ಆ ಅಕ್ಷರ ಒರೆಸಿದ ಮೇಲೇನೇ ನನಗೆ ಬೆಳಗಾಗೋದು.”

ಅಮ್ಮ ತಟ್ಟೆಯನ್ನು ಮತ್ತೆ ಅವನ ಮುಂದೆ ಸರಿಸಿದಳು. ಸಣ್ಣಿಯತ್ತ ನೋಡಿ ತಲೆಯಾಡಿಸಿದಳು: ಸಾಕು, ಬಿಡು.

ಸಣ್ಣಿ ಬಿಟ್ಟಳು. ಬಿಟ್ಟೆನೆಂದು ಅವಳಿಗೆ ಒಂದು ಕಡೆ ಹಗುರವಾಯಿತು, ಆ ಹಗುರಕ್ಕೆ ಇನ್ನೊಂದು ಕಡೆ ನಾಚಿಕೆಯಾಯಿತು. ಕಿಟಕಿಯಿಂದ ಮೂಲೆಯ ಸೀಟಿ ಕೇಳಿಸಿದಾಗಲೆಲ್ಲ ಮೈ ಬಿಗಿಯಾಗುತ್ತಿತ್ತು. ಸೀಟಿಯ ಹಿಂದೆ ಏನೂ ಕೇಳಿಸದಿದ್ದರೆ ಉಸಿರು ಬರುತ್ತಿತ್ತು. ಅಪ್ಪ ಸದ್ದು ಕೇಳಿ ಊದುತ್ತಾನೆ, ನೋಡಿ ಅಲ್ಲ. ಅವನು ನಿಲ್ಲುವ ಜಾಗದಿಂದ ಸೇತುವೆ ಕಾಣುವುದೇ ಇಲ್ಲ. ಇದು ಅವಳಿಗೆ ಈಗ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಸುಮ್ಮನಿರುವುದಕ್ಕೆ ಏನು ಹೆಸರು ಎಂದು ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಮಹಡಿ ಮನೆ ಅಜ್ಜಿ ಮೊಮ್ಮಗಳ ಅಂಗಿಗೆ ಗುಂಡಿ ಹಾಕಿಸಲು ಹೊಲಿಗೆ ಅಂಗಡಿಗೆ ಹೊರಟಾಗ ಸಣ್ಣಿಯೂ ಜೊತೆಗಿದ್ದಳು. ಅಂಚಿನಲ್ಲಿ ಅಪ್ಪ ಕಿವಿಗೊಟ್ಟು ನಿಂತ. ಯಾವ ಸದ್ದೂ ಇರಲಿಲ್ಲ. “ಹೋಗಿ ಅಜ್ಜಿ, ಖಾಲಿ ಇದೆ” ಎಂದು ಕೈ ಬೀಸಿದ.

ಅಜ್ಜಿ ಊರುಗೋಲು ಮುಂದಿಟ್ಟಳು. ಪೆಟ್ಟಿಗೆ ಗೋಡೆಯ ಹಿಂದಿನಿಂದ ಸ್ಕೂಟರೊಂದು ಬಂತು. ಬ್ಯಾಟರಿ ಸ್ಕೂಟರು, ಗಾಳಿಯಷ್ಟೂ ಸದ್ದಿಲ್ಲ. ಸವಾರ ಹ್ಯಾಂಡಲ್ ತಿರುಗಿಸಿದ. ಸ್ಕೂಟರು ಜಾರಿ, ಅವನು ಉರುಳಿ, ಊರುಗೋಲು ಚಕ್ರಕ್ಕೆ ಸಿಕ್ಕಿ ಲಟಕ್ಕೆಂದು ಮುರಿಯಿತು. ಅಜ್ಜಿ ಸಣ್ಣಿಯ ತೋಳಿನ ಮೇಲೆ ಬಿದ್ದಳು.

“ಕೋಲು ಹೋಯ್ತಾ? ಹೋಗಲಿ ಬಿಡು” ಎಂದಳು ಅಜ್ಜಿ. ಅವಳ ದನಿಯಲ್ಲಿ ಎಂದಿನ ಕೊಂಕು ಇರಲಿಲ್ಲ.

ಸವಾರ ಮೊಣಕೈ ಹಿಡಿದುಕೊಂಡು ಎದ್ದ. ಚಿಕ್ಕ ವಯಸ್ಸಿನವನು, ಮುಖ ಬಿಳಿಚಿತ್ತು. “ಕಾಣಿಸಲಿಲ್ಲ ಅಂಕಲ್” ಎಂದ. “ನಿಜವಾಗ್ಲೂ ಕಾಣಿಸಲಿಲ್ಲ.”

ಅಪ್ಪ ಅವನ ಅಂಗಿಯ ಕೊರಳು ಹಿಡಿದ. “ನಿನಗೂ ಕಾಣಿಸಲಿಲ್ವಾ? ನಿನಗೂ?” ಇನ್ನೊಂದು ಕೈ ಎತ್ತಿದ. ದಪ್ಪಣ್ಣ ಓಡಿ ಬಂದು ಹಿಡಿದುಕೊಳ್ಳದಿದ್ದರೆ ಹೊಡೆದೇ ಬಿಡುತ್ತಿದ್ದ. ಸೀಟಿ ಅವನ ಎದೆಯ ಮೇಲೆ ತೂಗಾಡುತ್ತಿತ್ತು.

ಸಣ್ಣಿ ಅಜ್ಜಿಯನ್ನು ಮನೆಯವರೆಗೆ ಬಿಟ್ಟಳು. ಬಾಗಿಲಲ್ಲಿ ಅಜ್ಜಿ ಅವಳ ಕೈ ಬಿಡಲಿಲ್ಲ. “ನನ್ನ ಕಿಟಕಿಯಿಂದ ಆ ಮೂಲೆ ಪೂರ್ತಿ ಕಾಣುತ್ತೆ ಕಣೇ” ಎಂದಳು. “ಆ ಹುಡುಗ ಸುಳ್ಳು ಹೇಳಲಿಲ್ಲ. ಆವತ್ತು ವ್ಯಾನಿನವನೂ ಹೇಳಲಿಲ್ಲ. ನಮಗೆಲ್ಲ ಒಳಗೊಳಗೆ ಗೊತ್ತಿತ್ತು. ನಿಮ್ಮಪ್ಪನ ಮುಖ ನೋಡಿಕೊಂಡು ಯಾರು ಹೇಳೋದು?”

ಹಾಗಾದರೆ ಬೀದಿಗೆ ಬೀದಿಯೇ ಸುಮ್ಮನಿತ್ತು. ಕನಿಕರದಿಂದಲೇ. ಆ ಕನಿಕರ ಇವತ್ತು, ಒಂದು ಊರುಗೋಲಿನಷ್ಟು ಅಂತರ ತಪ್ಪಿದ್ದರೆ, ಅಜ್ಜಿಯನ್ನು ಕೊಂದೇಬಿಡುತ್ತಿತ್ತು. ಸಣ್ಣಿ ಅಲ್ಲಿಂದಲೇ ಪೊಲೀಸಮ್ಮನಿಗೆ ಫೋನು ಮಾಡಿದಳು. “ನಾಳೆ ಬೆಳಗ್ಗೆ ಹಗ್ಗ ತರ್ತೀರಾ ಮೇಡಂ?”

ಬೆಳಗ್ಗೆ ಗಾಡಿಗಳು ಇನ್ನೂ ಶುರುವಾಗಿರಲಿಲ್ಲ. ಅಪ್ಪ ಅಕ್ಷರ ಒರೆಸಿ, ಬಟ್ಟೆ ಹಿಂಡುತ್ತಿದ್ದ. ಪೊಲೀಸಮ್ಮ ದೂರದ ಸುಣ್ಣದ ಗುರುತಿಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ಸಣ್ಣಿ ಹಗ್ಗದ ಈ ತುದಿಯನ್ನು ತಂದು ಅಪ್ಪನ ಒದ್ದೆ ಕೈಗೆ ಕೊಟ್ಟಳು.

“ಇದನ್ನ ಹಿಡ್ಕೋ ಅಪ್ಪ. ಅಕ್ಕ ನಿಲ್ತಿದ್ದ ಕಲ್ಲಿನ ಮೇಲೆ ನಿಲ್ಲು.”

“ಅಳತೆ ಆಯ್ತಲ್ಲ ಆವತ್ತೇ? ಕಂಬ ಅಂದೆ.”

“ಸುಳ್ಳು ಹೇಳಿದ್ದೆ.”

ಅವನು ಅವಳನ್ನೇ ನೋಡಿದ. ಚಿಕ್ಕಂದಿನಲ್ಲಿ ಜ್ವರ ನೋಡುವಾಗ ಹಾಗೆ ನೋಡುತ್ತಿದ್ದ. ಆಮೇಲೆ ಕಲ್ಲಿನ ಮೇಲೆ ಹೋಗಿ ನಿಂತು ಹಗ್ಗವನ್ನು ಕಣ್ಣಿನ ಮಟ್ಟಕ್ಕೆ ತಂದ.

ಹಗ್ಗ ಬಿಗಿಯಾಗಿ ‘ರಿ’ಗೆ ತಾಗಿತು. ಅಪ್ಪ ಎಳೆದ. ಎಳೆದರೆ ನೇರವಾಗುತ್ತದೆ ಎಂಬಂತೆ, ಸಿಕ್ಕಿಕೊಂಡ ಜಿಪ್ಪನ್ನು ಎಳೆಯುವಂತೆ, ಹಗುರವಾಗಿ, ಮತ್ತೆ ಸ್ವಲ್ಪ ಬಲವಾಗಿ. ಮೇಲಿನ ಸಾಲಿನ ಪೆಟ್ಟಿಗೆ ಕಿರ್ ಎಂದಿತು. ಅವನು ಥಟ್ಟನೆ ಎಳೆಯುವುದು ನಿಲ್ಲಿಸಿದ.

ಆಮೇಲೆ ಕಲ್ಲಿನಿಂದ ಕೆಳಗಿಳಿದ. ಹಗ್ಗ ಇನ್ನೂ ಬಾಗಿಯೇ ಇತ್ತು. ಇನ್ನೊಂದು ಹೆಜ್ಜೆ ಮುಂದಿಟ್ಟ. ಪೆಟ್ಟಿಗೆಯ ಮೂಲೆಯ ಮೇಲೆ ಹಗ್ಗ ಜಾರುತ್ತ ಸಣ್ಣಗೆ ಉಜ್ಜಿಕೊಂಡಿತು. ಇನ್ನೊಂದು. ಸಣ್ಣಿಗೆ ಅವನನ್ನು ಹಿಡಿದು ನಿಲ್ಲಿಸಬೇಕೆನಿಸಿತು, ಹಿಡಿಯಲಿಲ್ಲ. ಅವನು ಕುರುಡನಂತೆ ಪಾದವನ್ನು ಸವರಿ ಸವರಿ ಇಡುತ್ತ ರಸ್ತೆಯೊಳಕ್ಕೆ ಹೋದ. ಒಂದು ಕಡೆ ಹಗ್ಗ ಪೆಟ್ಟಿಗೆಯನ್ನು ಬಿಟ್ಟಿತು. ಬಿಟ್ಟದ್ದೇ, ನೇರವಾಗಿ, ಮೀಟಿದ ತಂತಿಯಂತೆ ನಡುಗಿತು. ಆಚೆ ತುದಿಯಲ್ಲಿ ಪೊಲೀಸಮ್ಮ ಸ್ಟೂಲಿನಿಂದ ಎದ್ದು ನಿಂತಳು. ಈಗ ಅವಳಿಗೆ ಅವನು ಕಾಣುತ್ತಿದ್ದ, ಅವನಿಗೆ ಅವಳು.

ಅಪ್ಪ ತಲೆ ತಗ್ಗಿಸಿ ಕಾಲ ಬುಡ ನೋಡಿಕೊಂಡ. ಅವನ ಪಾದ ಕಬ್ಬಿಣದ ಮುಚ್ಚಳದ ಅಂಚಿನ ಮೇಲಿತ್ತು.

ಬಹಳ ಹೊತ್ತು ಅವನು ಅಲ್ಲೇ ನಿಂತ. ದೂರದಲ್ಲಿ ಹಾಲಿನ ಗಾಡಿಯೊಂದು ಬಂದಾಗ ಪೊಲೀಸಮ್ಮ ಎರಡೂ ಕೈ ಚಾಚಿ ತಡೆದು ನಿಲ್ಲಿಸಿದಳು. ಹಾರ್ನು ಹೊಡೆಯಬೇಡ ಎಂದು ಸನ್ನೆ ಮಾಡಿದಳು.

“ನೋಡೋಕೆ ಬಂದಿದ್ದಾಳೆ” ಎಂದ ಅಪ್ಪ. ಸಣ್ಣಿ ಹತ್ತಿರ ಹೋದಳು. “ಗಾಡಿ ಬರ್ತಿದೆಯಾ ಅಂತ ನೋಡೋಕೆ ಇಲ್ಲಿವರೆಗೂ ಬಂದಿದ್ದಾಳೆ. ಇಲ್ಲಿಗೆ ಬರದೇ ಕಾಣ್ತಿರಲಿಲ್ಲ ಅವಳಿಗೆ. ನಾನು, ಅಷ್ಟು ದೂರ ಯಾಕೆ ಹೋದಳೋ ಅಂತ…” ಅವನು ತಿರುಗಿ, ಸೇತುವೆಯ ಕಡೆಗೆ ಮುಖ ಮಾಡಿದ ಬಿಳಿ ಅಕ್ಷರಗಳನ್ನು ನೋಡಿದ. ಒದ್ದೆಯಿನ್ನೂ ಆರದೆ ಮಿನುಗುತ್ತಿದ್ದವು. “ವ್ಯಾನಿನವನಿಗೆ ಅವಳ ಅಕ್ಷರ ಕಾಣಿಸಿದೆ. ಅವಳು ಕಾಣಿಸಿಲ್ಲ.”

“ಮೂರು ಜನ ಸೇರಿ ಜೋಡಿಸಿದ್ದು ಅಪ್ಪ. ನೀನೊಬ್ಬನೇ ಅಲ್ಲ. ನಾನೂ ಎತ್ತಿ ಕೊಟ್ಟಿದ್ದೆ.”

ಅವನು ಕೇಳಿಸಿಕೊಂಡನೋ ಇಲ್ಲವೋ. ಹಗ್ಗವನ್ನು ಅವಳ ಕೈಗಿಟ್ಟು, ಹೋಗಿ ಸ್ಟೂಲು ತಂದ, ಹತ್ತಿದ, ಮೇಲಿನ ಸಾಲಿನ ಮೊದಲ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಇಳಿಸಿದ. ಮಲಗಿದ ಮಗುವನ್ನು ಎತ್ತುವ ಹಾಗೆ. ಸಣ್ಣಿ ಕೆಳಗೆ ನಿಂತು ಇಸಕೊಂಡಳು.

ಒಂದೊಂದೇ ಇಳಿದವು. ದಪ್ಪಣ್ಣ ಅಂಗಡಿ ತೆರೆಯಲು ಬಂದವನು ನೋಡಿ, ಔಷಧಿ ತರುವ ಕೈಗಾಡಿ ತಂದು ನಿಲ್ಲಿಸಿದ. ಪೊಲೀಸಮ್ಮ ಟೋಪಿ ತೆಗೆದಿಟ್ಟು ಕೈ ಹಚ್ಚಿದಳು. ಅಜ್ಜಿ ಕಿಟಕಿಯಲ್ಲಿ ಕೂತು ನೋಡುತ್ತಿದ್ದಳು.

ಪೆಟ್ಟಿಗೆಗಳು ಮನೆಗೆ ಬಂದು ನಡುಮನೆಯಲ್ಲಿ ಅಕ್ಕನ ಮಂಚದ ಪಕ್ಕ ಕೂತವು. ಅಕ್ಷರಗಳು ಹಿಂದುಮುಂದಾಗಿ ಏನನ್ನೂ ಹೇಳುತ್ತಿರಲಿಲ್ಲ. ಅಮ್ಮ ಅವುಗಳ ಮುಖವನ್ನು ಗೋಡೆಗೆ ತಿರುಗಿಸಿಟ್ಟಳು. ಮಾರನೆಯ ಬೆಳಗ್ಗೆ ನೋಡಿದರೆ ಒಂದು ಪೆಟ್ಟಿಗೆ ಮತ್ತೆ ಈ ಕಡೆ ತಿರುಗಿತ್ತು. ಅಮ್ಮ ಅದನ್ನು ಹಾಗೇ ಬಿಟ್ಟಳು.

ಅಪ್ಪ ಮೂಲೆಗೆ ಹೋಗುವುದು ಬಿಟ್ಟ. ಬೀದಿಯೊಳಗೆ ಕೊಟ್ಟ ಜಾಗಕ್ಕೂ ಹೋಗಲಿಲ್ಲ. ಮನೆ ಬಾಗಿಲಲ್ಲೇ ಕೂತು ಯಾರಾದರೂ ತಂದ ಬ್ಯಾಗು ಹೊಲಿಯುವನು. ಸಣ್ಣಿಯೊಡನೆ ಮಾತಾಡುತ್ತಿದ್ದ, ಆದರೆ ಅವಶ್ಯವಿದ್ದಷ್ಟು: ದಾರ ಎಲ್ಲಿ, ಕತ್ತರಿ ಕೊಡು. ‘ಕಾಣಿಸಲಿಲ್ವಂತೆ’ ಎನ್ನುವ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ. ಸಣ್ಣಿಗೆ ಆ ಮಾತು ಕೇಳುವುದಕ್ಕಿಂತ ಅದು ಇಲ್ಲದ ಬೆಳಗು ಕಷ್ಟವಾಗುತ್ತಿತ್ತು. ಆ ಸಿಟ್ಟು ಅವನ ಊರುಗೋಲಾಗಿತ್ತು, ಅದನ್ನು ಮುರಿದವಳು ತಾನು. ಹೇಳದಿದ್ದರೆ ಏನಾಗುತ್ತಿತ್ತೆಂದು ಗೊತ್ತಿದ್ದರೂ ಎದೆಯ ಮೇಲಿನ ಭಾರ ಇಳಿಯುತ್ತಿರಲಿಲ್ಲ.

ಮೂಲೆಯಿಂದ ಗೂಡಂಗಡಿಯನ್ನು ಎತ್ತಿಸಿದರು. ಅಲ್ಲಿ ಬಿಳಿ ಪಟ್ಟೆಗಳು ಬಂದವು, ಉಬ್ಬು ಬಂತು, ಕಂಬಕ್ಕೊಂದು ದುಂಡು ಕನ್ನಡಿ ಬಂತು. ಮೆಟ್ಟಿಲ ಮೇಲೆ ದಪ್ಪಣ್ಣ ಭಾಷಣ ಮಾಡಿ, ಸಮಿತಿಯ ಪರವಾಗಿ ಪೊಲೀಸಮ್ಮನಿಗೆ ವಂದನೆ ಹೇಳಿದ. ಅವಳು ಚಪ್ಪಾಳೆ ಮುಗಿಯುವ ಮೊದಲೇ ಎದ್ದು, “ಮಾಮ ಹೇಗಿದ್ದಾರೆ?” ಎಂದು ಸಣ್ಣಿಯನ್ನು ಕೇಳಿದಳು.

“ಇದ್ದಾರೆ” ಎಂದಳು ಸಣ್ಣಿ.

ಒಂದು ಸಂಜೆ ಅಪ್ಪ ಹೊಲಿಯುತ್ತಿದ್ದ ಬ್ಯಾಗಿನಿಂದ ತಲೆ ಎತ್ತದೆ ಕೇಳಿದ: “ಆ ವ್ಯಾನಿನವನ ಮನೆ ಎಲ್ಲಿ ಅಂತ ಪೊಲೀಸಮ್ಮನ್ನ ಕೇಳ್ತೀಯಾ?”

ಸಣ್ಣಿ ಕೇಳಿಕೊಂಡು ಬಂದಳು. ಅವನ ಲೈಸೆನ್ಸು ಹೋಗಿತ್ತು, ಕೇಸು ಇನ್ನೂ ನಡೆದಿತ್ತು, ಯಾವುದೋ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಹಗ್ಗದ ಅಳತೆಯನ್ನು ಕೋರ್ಟಿಗೂ ತಿಳಿಸುವುದಾಗಿ ಪೊಲೀಸಮ್ಮ ಹೇಳಿ ಕಳಿಸಿದ್ದಳು. ಮನೆ ದೊಡ್ಡ ರಸ್ತೆಯ ಆಚೆ, ಹೊಲಿಗೆ ಅಂಗಡಿಯ ಹಿಂದಿನ ಓಣಿಯಲ್ಲೇ ಇತ್ತು. ಇಷ್ಟು ದಿನವೂ ಅಷ್ಟೇ ದೂರದಲ್ಲಿದ್ದ.

ಭಾನುವಾರ ಬೆಳಗ್ಗೆ ಅಪ್ಪ ಇಸ್ತ್ರಿ ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಕೂತ. ಎದ್ದು ಹೊರಡಲಿಲ್ಲ. ಸೀಟಿಯನ್ನು ಕೊರಳಿಂದ ತೆಗೆದು ಮೊಳೆಗೆ ನೇತುಹಾಕಿದ್ದ; ಕತ್ತಿನಲ್ಲಿ ಅದರ ದಾರದ ಗೆರೆ ಇನ್ನೂ ಇತ್ತು.

“ಏನಂತ ಹೇಳೋದು ಅವನಿಗೆ?” ಎಂದ.

“ನಾನು ಹೇಳ್ತೀನಿ” ಎಂದಳು ಸಣ್ಣಿ. “ನೀನು ಸುಮ್ನೆ ನನ್ನ ಪಕ್ಕ ನಿಂತ್ಕೋ.”

ಅವನು ಅವಳತ್ತ ನೋಡಿದ. ತುಟಿಯ ಮೂಲೆ ಸ್ವಲ್ಪ ಅಲುಗಿತು. “ನೀನು ಹೇಳ್ತೀಯಾ?” ಎಂದ. “ನಿಮ್ಮಕ್ಕ ಇದ್ದಿದ್ದರೆ ನಗ್ತಿದ್ದಳು.”

ಇಬ್ಬರೂ ಮೂಲೆಗೆ ಬಂದರು. ಗೂಡಂಗಡಿ ಇದ್ದ ಕಡೆ ಸಿಮೆಂಟಿನ ಮೇಲೆ ಬಣ್ಣ ಬೇರೆಯಾದ ಒಂದು ಚೌಕ ಉಳಿದಿತ್ತು. ಅಪ್ಪ ಅದನ್ನು ಬಳಸಿಕೊಂಡು ಬಂದು ಅಂಚಿನ ಕಲ್ಲಿನ ಮೇಲೆ ನಿಂತ, ಸಣ್ಣಿಯ ಮಣಿಕಟ್ಟು ಹಿಡಿದ. ಚಿಕ್ಕಂದಿನಲ್ಲಿ ಒಂದು ಕೈಯಲ್ಲಿ ಅವಳನ್ನು, ಇನ್ನೊಂದು ಕೈಯಲ್ಲಿ ಅಕ್ಕನನ್ನು ಹಾಗೇ ಹಿಡಿಯುತ್ತಿದ್ದ. ಬಲಕ್ಕೆ ನೋಡಿದರೆ ಸೇತುವೆಯ ಕೊನೆಯವರೆಗೂ ಕಾಣುತ್ತಿತ್ತು. ಆ ಕಡೆಯಿಂದ ಒಂದು ಬಸ್ಸು ಹತ್ತಿಕೊಂಡು ಬರುತ್ತಿತ್ತು, ಆಟಿಕೆಯಷ್ಟು ಸಣ್ಣದಾಗಿ. ಆರಾಮವಾಗಿ ದಾಟಬಹುದಿತ್ತು.

ಅಪ್ಪ ಕಾಲೆತ್ತಲಿಲ್ಲ. ಬಸ್ಸು ಬೆಳೆಯುತ್ತ ಬೆಳೆಯುತ್ತ ಬಂದು, ಉಬ್ಬಿನ ಮೇಲೆ ನಿಧಾನವಾಗಿ, ಹಾದುಹೋಯಿತು. ಅದರ ಹಿಂದೆ ರಸ್ತೆ ಪೂರ್ತಿ ಖಾಲಿಯಾಯಿತು. ಆಗಲೂ ಅವನು ಎತ್ತಲಿಲ್ಲ. ಅವನ ಕಣ್ಣು ಕಬ್ಬಿಣದ ಮುಚ್ಚಳದ ಮೇಲಿತ್ತು.

ಸಣ್ಣಿ ಅವಸರ ಮಾಡಲಿಲ್ಲ. ಅವನ ಹಿಡಿತ ಮಣಿಕಟ್ಟಿನಲ್ಲಿ ನೋಯುತ್ತಿತ್ತು. ಅದನ್ನು ಬಿಡಿಸಿಕೊಳ್ಳದೆ, ಅವನು ಮೊದಲ ಹೆಜ್ಜೆ ಇಡುವವರೆಗೆ ಪಕ್ಕದಲ್ಲೇ ನಿಂತಳು.